ಬಸುರಿಯನ್ನು ಕಳಿಸಬೇಡಿ

ಬಸುರಿಯನ್ನು ಕ್ಯಾನ್ಸರಿನವರ ಮನೆಗೆ ಕಳಿಸಬೇಡಿ ಎಂದು ಮೇಟ್ರನ್ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ನಾನು ನರ್ಸುಗಳಿಗೆ ಕಲಿಸುತ್ತಿದ್ದೆ. ವಾಸಿಯಾಗದ ಕ್ಯಾನ್ಸರಿನವರ ಮನೆಗೇ ಹೋಗಿ ನೋವು ಇಳಿಸುವುದು, ಹುಣ್ಣು ತೊಳೆಯುವುದು, ಮುಖ ತಿರುಗಿಸದೆ ಹತ್ತಿರ ಕೂರುವುದು. ನನ್ನ ನಾಲ್ವರು ಹುಡುಗಿಯರಲ್ಲಿ ತುಂಬ ಚುರುಕಾಗಿದ್ದವಳಿಗೆ ಆರು ತಿಂಗಳು. ಕ್ಯಾನ್ಸರೇನು ಹಾರಿ ಬಂದು ಕಚ್ಚುತ್ತದೆಯೇ ಎಂದು ಕೇಳಿಯೇಬಿಟ್ಟೆ. ನರ್ಸುಗಳೇ ಹೀಗೆ ಹೆದರಿದರೆ ಮನೆಯವರಿಗೆ ಯಾವ ಮುಖ ಇಟ್ಟುಕೊಂಡು ಬುದ್ಧಿ ಹೇಳುವುದು? ಹೆಚ್ಚುಕಮ್ಮಿಯಾದರೆ ನಾನೇ ಜವಾಬ್ದಾರಿ ಎಂದು ಬರೆಸಿಕೊಂಡರು. ಬರೆದುಕೊಟ್ಟೆ, ದೊಡ್ಡ ಅಕ್ಷರದಲ್ಲಿ. ಹುಡುಗಿಗೆ ಬರುವ ಮನಸ್ಸಿತ್ತು, ಅಷ್ಟು ಸಾಕಾಗಿತ್ತು. ಭದ್ರಾವತಿಯ ಬಸ್ಸು ಮಾಚೇನಹಳ್ಳಿ ದಾಟುವವರೆಗೂ ನಾನು ಗೊಣಗುತ್ತಲೇ ಇದ್ದೆ.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಒಬ್ಬ ಹೆಂಗಸಿದ್ದರು. ಸ್ತನದ ಗಡ್ಡೆ ಒಡೆದು ಹುಣ್ಣಾಗಿತ್ತು. ವಾಸನೆಗೆ ಹೇಸಿ, ರೋಗಕ್ಕೆ ಹೆದರಿ, ಮಗ ಅವರ ಮಂಚವನ್ನು ಹಿತ್ತಿಲ ತಗಡಿನ ಶೆಡ್ಡಿಗೆ ಹಾಕಿಸಿದ್ದ. ತಟ್ಟೆ ಲೋಟ ಎಲ್ಲ ಬೇರೆ. ಮೊಮ್ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಇವರಿಗೆ ಅಳು ಮಾತ್ರ ಕೇಳಿಸುತ್ತಿತ್ತು. ಸಾಯುವುದರೊಳಗೆ ಕೂಸನ್ನು ಒಂದು ಸಲ ಎತ್ತಿಕೊಳ್ಳಬಹುದೇ ಎಂದು ಆಕೆ ನನ್ನನ್ನು ಕೇಳಿದರು. ಬೇರೇನನ್ನೂ ಕೇಳಲಿಲ್ಲ.

ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು, ಭೇದಿಗೆ ಕೊಡುವ ಅಗ್ಗದ ಮಾತ್ರೆಯನ್ನು ಪುಡಿಮಾಡಿ ಹುಣ್ಣಿಗೆ ಉದುರಿಸುವುದನ್ನು ಹುಡುಗಿಯರಿಗೆ ತೋರಿಸಿದೆ. ವಾರದಲ್ಲಿ ವಾಸನೆ ಹೋಯಿತು, ಮನೆಯವರ ಭಯ ಹೋಗಲಿಲ್ಲ. ಇದು ಅಂಟುವುದಿಲ್ಲವೆಂದು ಮಗನಿಗೆ ಗಂಟಲು ಹರಿಯುವಂತೆ ಹೇಳಿದೆ. ಅವನು ಎಲ್ಲದಕ್ಕೂ ಹೂಂಗುಟ್ಟಿ ಡ್ಯೂಟಿಗೆ ಹೋದ.

ಮುಂದಿನ ಸಲ ಹೋದಾಗ ಸೊಸೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಡ್ರೆಸಿಂಗ್ ಮುಗಿಯಿತು. ನಮ್ಮ ಬಸುರಿ ಕೈ ತೊಳೆದುಕೊಂಡು ಬಂದು ಮಂಚದ ಮೇಲೆಯೇ ಕೂತಳು. ಒದೀತಿದೆ ನೋಡಿ ಅಮ್ಮ ಎಂದು ಆಕೆಯ ಕೈ ಹಿಡಿದೆಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಇದನ್ನು ನಾನು ಕಲಿಸಿರಲಿಲ್ಲ.

ಸೊಸೆ ಬಾಗಿಲಿಂದಲೇ ಕೇಳಿದಳು. "ನಿಮಗೆ ಹೆದ್ರಿಕೆ ಆಗಲ್ವಾ?"

"ಹೆರಿಗೆ ನೆನೆಸ್ಕೊಂಡ್ರೆ ಆಗುತ್ತಕ್ಕ. ಇದಕ್ಕಲ್ಲ," ಅಂದಳು ನಮ್ಮ ಹುಡುಗಿ.

ಸೊಸೆ ಮೆಟ್ಟಿಲಿಳಿದು ಶೆಡ್ಡಿಗೆ ಬಂದಳು. ಕೂಸನ್ನು ಮುಂದಕ್ಕೆ ಹಿಡಿದಳು. ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು.

"ಬೇಡ ಮಾರಾಯ್ತಿ. ಕೂಸಿಗೆ ಏನಾದ್ರೂ ಆದ್ರೆ?"

ತಿಂಗಳುಗಟ್ಟಲೆ ಶೆಡ್ಡಿನಲ್ಲಿಟ್ಟರೆ ತನ್ನದು ಅಂಟುವ ರೋಗವೆಂದು ಯಾರು ತಾನೇ ನಂಬುವುದಿಲ್ಲ? ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ನಾನು ಬಾಯಿ ತೆರೆಯುವಷ್ಟರಲ್ಲಿ ಸೊಸೆಯೇ ಹೇಳಿದಳು.

"ಥೇಟ್ ನಿಮ್ಮದೇ ಮೂಗು ಅತ್ತೆ. ಹಿಡ್ಕೊಳ್ಳಿ."

ಕೂಸನ್ನು ಅತ್ತೆಯ ಮಡಿಲಿಗೆ ಹಾಕಿಯೇಬಿಟ್ಟಳು.

ಆಕೆ ಮುಟ್ಟದೆ ನೋಡುತ್ತ ಕೂತರು. ಆಮೇಲೆ ಮೆಲ್ಲನೆ ಕೈ ಹೊರತೆಗೆದು ಕೂಸಿನ ನೆತ್ತಿಯ ಮೇಲಿಟ್ಟರು. ಇಟ್ಟವರೇ, ಈ ಗಾಳಿಗೆ ಕುಲಾವಿ ಕಟ್ಟದೆ ಮಗುವನ್ನು ಹೊರಗೆ ತರುತ್ತಾರೆಯೇ, ನಿನಗೆ ಬುದ್ಧಿ ಬರುವುದು ಯಾವಾಗ ಎಂದು ಸೊಸೆಗೆ ಬೈಯಲು ಶುರುಮಾಡಿದರು.