ಗುಡ್ಡಕ್ಕೆಲ್ಲ ಕೇಳಿದ ಸಮ್ಮತ

ಹೊಸಬರು ಯಾರಾದರೂ ಮಾತಾಡಿಸಿದರೆ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವುದನ್ನು ಕಂಡು ನೀವು ಮೊಮ್ಮಕ್ಕಳೆಲ್ಲ ತಮಾಷೆ ಮಾಡುತ್ತೀರಿ. ಅದು ಬರೀ ನಾಚಿಕೆ ಅಲ್ಲ, ನಗು ಹೊರಗೆ ಬೀಳದಿರಲಿ ಎಂದು. ಚಿಕ್ಕಂದಿನಿಂದಲೂ ನನಗೆ ಹಾಗೆ. ಗುರುತಿಲ್ಲದವರು ಹೆಸರು ಕೇಳಿದರೂ ಮೊದಲು ಸ್ವರ ಹೋಗುತ್ತದೆ, ಆಮೇಲೆ ಹೊಟ್ಟೆಯೊಳಗಿನಿಂದ ನಗು ಏಳುತ್ತದೆ. ಶಾಲೆಯಲ್ಲಿ ಪದ್ಯ ಹೇಳಲು ನಿಲ್ಲಿಸಿದಾಗ ನಕ್ಕೆ. ನಕ್ಕದ್ದಕ್ಕೆ ಮಾಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಅಲ್ಲಿಯೂ ನಕ್ಕೆ.

ಈ ನಗುವಿನಿಂದಾಗಿ ನಿಮ್ಮ ಅಜ್ಜ ನನ್ನ ಕೈತಪ್ಪಿ ಹೋಗುವುದರಲ್ಲಿದ್ದರು. ಅದನ್ನೇ ಬರೆಯುತ್ತೇನೆ. ಬಾಯಲ್ಲಿ ಹೇಳಲು ಹೋದರೆ ನಡುವೆಯೇ ನಕ್ಕು ನಿಲ್ಲಿಸಿಬಿಡುತ್ತೇನೆ.

ಐವತ್ತರ ದಶಕದ ಕೊನೆ ಅದು. ನಮ್ಮವರು ಕೇರಳದಿಂದ ಇಚಿಲಂಪಾಡಿಗೆ ಬಂದು ಮರಗೆಣಸು ನೆಟ್ಟು ಕೆಲವು ವರ್ಷ ಆಗಿತ್ತು. ನಮ್ಮ ಇಗರ್ಜಿಗೆ ಮುಳಿಹುಲ್ಲು ಹೊದಿಸಿದ ಮಾಡು, ಸೊಂಟದೆತ್ತರದ ಮಣ್ಣಿನ ಗೋಡೆ. ಮೇಲೆ ನಮ್ಮ ಗೆಣಸು, ಕೆಳಗೆ ಊರವರ ಬಾಳೆ, ಅಡಿಕೆ. ಎಲ್ಲರನ್ನೂ ಸಮನಾಗಿ ಕಾಡುತ್ತಿದ್ದದ್ದು ಮಂಗಗಳು. ಹಿಂಡು ಕಂಡವರು ಕೂ ಹಾಕಬೇಕು. ಕೇಳಿಸಿಕೊಂಡ ಪಕ್ಕದವರು ಡಬ್ಬ ಬಡಿಯಬೇಕು. ಅದನ್ನು ಕೇಳಿ ಅವರಾಚೆಯವರು. ಮಲಯಾಳ, ತುಳು, ಕನ್ನಡ ಯಾವುದೂ ಬೇಡದ ಏರ್ಪಾಡು. ಮನುಷ್ಯರ ಎದುರು ಉಸಿರೆತ್ತದ ನಾನು ಮಂಗಗಳ ಎದುರು ಮಾತ್ರ ಹುಲಿ. ನನ್ನ ಕೂ ಹೊಳೆಯಾಚೆಗೂ ಕೇಳುತ್ತದೆ ಎಂದು ಕೆಳಗಿನ ತೋಟದ ಅಕ್ಕ ಹೊಗಳುತ್ತಿದ್ದರು.

ಆಗ ಕಡಬದ ಕಡೆಯಿಂದ ಒಬ್ಬರು ನನ್ನನ್ನು ನೋಡಲು ಬಂದರು. ನಾನು ಬೆಲ್ಲದ ಕಾಫಿ ತಂದೆ. "ಯಾವ ಕ್ಲಾಸಿನವರೆಗೆ ಕಲಿತದ್ದು?" ಎಂದು ಕೇಳಿದರು. ನಾನು ನಕ್ಕೆ. ಕಾಫಿ ಅವರು ಉಟ್ಟಿದ್ದ ಬಿಳಿ ಮುಂಡಿನ ಮೇಲೆ ತುಳುಕಿತು. ಅವರು ಏನೂ ಆಗದವರಂತೆ ಉಳಿದದ್ದನ್ನು ಕುಡಿದರು. ಹೊರಡುವಾಗ ತಿರುಗಿ ನೋಡುತ್ತಾ ನಡೆದು ನಮ್ಮ ಮನೆಯ ತಗ್ಗು ಮಾಡಿನ ಅಂಚಿಗೆ ಹಣೆ ಹೊಡೆದುಕೊಂಡರು. ಆ ಕ್ಷಣದಿಂದ ನನಗೆ ಅವರೇ ಬೇಕು ಎಂದಾಯಿತು. ಎರಡೂ ಮನೆಯವರು ಒಪ್ಪಿದರು.

ಆದರೆ ಮನಸಮ್ಮತ ಎಂಬುದು ಒಂದುಂಟಲ್ಲ! ಮದುವೆಗೆ ಮೊದಲು ಇಗರ್ಜಿಯಲ್ಲಿ ಅಚ್ಚನ್, ಅಂದರೆ ನಮ್ಮ ಪಾದ್ರಿಗಳು, ಹುಡುಗನನ್ನೂ ಹುಡುಗಿಯನ್ನೂ ಎಲ್ಲರೆದುರು ಕೇಳುತ್ತಾರೆ. ಸಮ್ಮತ ಎಂದು ಬಾಯಿಬಿಟ್ಟು ಹೇಳಬೇಕು. ನಮ್ಮ ಅಚ್ಚನ್ ಇದರಲ್ಲಿ ಬಹಳ ಬಿಗಿ. ಹಿಂದಿನ ವರ್ಷ ಒಬ್ಬಳು ತಲೆ ಮಾತ್ರ ಆಡಿಸಿದಳು, ತಾಯಿ "ಅವಳಿಗೆ ಸಮ್ಮತ" ಎಂದರು. ಅಚ್ಚನ್, "ಮದುವೆ ಆಗುದು ನೀವಾ?" ಎಂದು ಎದ್ದೇ ಹೋದರು. ಬೈಬಲಿನ ರೆಬೆಕ್ಕಳ ಮನೆಯವರು ಕೂಡ ಅವಳನ್ನು ಕರೆದು, ಮದುವೆಯಾಗಿ ಹೋಗುತ್ತೀಯಾ ಎಂದು ಕೇಳಿದ್ದರು, ಅವಳು ತನ್ನ ಬಾಯಿಂದಲೇ ಹೋಗುತ್ತೇನೆ ಅಂದಿದ್ದಳು ಎಂದು ಮುಂದಿನ ಭಾನುವಾರ ಪ್ರಸಂಗವನ್ನೂ ಮಾಡಿದರು.

ನಮ್ಮ ದಿನ ದೊಡ್ಡ ನೋಂಬಿನ ಹೊಸ್ತಿಲಲ್ಲಿ ಬಂದಿತ್ತು; ಆ ಉಪವಾಸದ ವಾರಗಳಲ್ಲಿ ಇಂಥ ಶುಭಕಾರ್ಯ ಇಲ್ಲ. ಅಂದು ತಪ್ಪಿದರೆ ಈಸ್ಟರ್‌ವರೆಗೆ ಕಾಯಬೇಕು. ಅಷ್ಟರಲ್ಲಿ ಹುಡುಗನ ತಾಯಿಗೆ ಕೇರಳದಲ್ಲಿ ಹಿಡಿಸಿದ್ದ ಇನ್ನೊಬ್ಬ ಹುಡುಗಿಯ ಮಾತು ಮತ್ತೆ ಎದ್ದೀತು ಎಂದು ಎಲ್ಲರಿಗೂ ಗೊತ್ತಿತ್ತು. ನನಗೆ ಅನ್ನ ಸೇರಲಿಲ್ಲ.

ಮೋಶೆಗೂ ನಾಲಿಗೆ ಏಳುತ್ತಿರಲಿಲ್ಲ, ದೇವರು ಅವನ ಅಣ್ಣನನ್ನು ಮಾತಾಡಲು ಕೊಟ್ಟರು ಎಂದು ಇಗರ್ಜಿಯಲ್ಲಿ ಕೇಳಿದ್ದೆನಲ್ಲ. ನನ್ನ ಅಣ್ಣನ ಹತ್ತಿರ ಹೋದೆ. "ನನ್ನ ಬದಲು ನೀನು ಹೇಳ್ತೀಯಾ?"

"ನಾನು ಸಮ್ಮತ ಅಂದ್ರೆ ಅವನನ್ನು ನಾನೇ ಮದುವೆ ಆಗ್ಬೇಕಾದೀತು, ಹೋಗು!" ಎಂದ.

ಆಗ ಅಮ್ಮಚ್ಚಿ, ನನ್ನ ಅಪ್ಪನ ತಾಯಿ, ಗೆಣಸು ಸುಲಿಯುತ್ತಾ ಕರೆದರು. ಅವರಿಗೆ ಓದು ಬಾರದು. ಆದರೆ ಬೈಬಲಿನ ಹೆಂಗಸರನ್ನೆಲ್ಲ ಪಕ್ಕದ ಮನೆಯವರಂತೆ ಬಲ್ಲರು.

"ಸಾರ ಎಂತ ಮಾಡಿದ್ದು, ಗೊತ್ತುಂಟಾ ಮೋಳೆ?" ಎಂದರು. ಪ್ರೀತಿ ಬಂದರೆ ನನ್ನನ್ನು ಮೋಳೆ, ಮಗಳೇ ಎನ್ನುತ್ತಿದ್ದರು.

"ಡೇರೆಯ ಬಾಗಿಲ ಹಿಂದೆ ನಿಂತು ನಕ್ಕದ್ದು."

"ಹಾಂ. ತೊಂಬತ್ತರ ಮುದುಕಿಗೆ ಮಗು ಆಗ್ತದೆ ಅಂದ್ರೆ ನಗದೆ ಮತ್ತೆ? ನಾನಾದ್ರೆ ಬಿದ್ದು ನಗ್ತಿದ್ದೆ. ನಕ್ಕಳು ಅಂತ ದೇವರು ಮಗು ಇಲ್ಲ ಅಂದ್ರಾ?"

"ಇಲ್ಲ."

"ಕೊಟ್ರು. ಅದಕ್ಕೆ ನಗು ಅಂತಲೇ ಅರ್ಥ ಬರುವ ಹೆಸರೂ ಇಡ್ಸಿದ್ರು. ನಕ್ಕದ್ದು ತಪ್ಪಲ್ಲ ಮೋಳೆ. ಹೆದರಿ, ನಗಲಿಲ್ಲ ಅಂತ ಸುಳ್ಳು ಹೇಳಿದ್ದು ತಪ್ಪು. ನಿನಗೆ ನಗು ಬಂದ್ರೆ, ನಕ್ಕೆ ಅಂತ ಹೇಳು. ಅಷ್ಟಕ್ಕೆ ಬಾಯಿ ತೆರೀತದೆ. ಉಳಿದದ್ದು ಅದರ ಹಿಂದೆಯೇ ಬರ್ತದೆ."

ಆ ದಿನ ಬಂತು. ತಲೆಗೆ ಬಿಳಿ ಬಟ್ಟೆ ಹೊದೆದು ನಿಂತೆ. ಅಚ್ಚನ್ ಮೊದಲು ಅವರನ್ನು ಕೇಳಿದರು. ಅವರು "ಸಮ್ಮತ" ಎಂದರು, ಗುಬ್ಬಿಯ ಸ್ವರದಲ್ಲಿ. ಹಣೆಯ ಮೇಲೆ ನಮ್ಮ ಮಾಡಿನ ಗುರುತು ಇನ್ನೂ ಇತ್ತು. ನಾನು ಅದನ್ನು ನೋಡಬಾರದಿತ್ತು.

ಅಚ್ಚನ್ ನನ್ನನ್ನು ಕೇಳಿದರು. ಸ್ವರ ಹೋಯಿತು. ಮತ್ತೆ ಕೇಳಿದರು. ನಗು ಹೊರಟಿತು. ತುಟಿ ಕಚ್ಚಿದೆ, ಮೂಗಿನಿಂದ ಬಂತು. ಅವರ ತಾಯಿಯ ಮುಖ ಗಟ್ಟಿಯಾಯಿತು. ನನ್ನ ಅಮ್ಮ ಕಣ್ಣು ಮುಚ್ಚಿದರು.

"ಎಂತ ನಗುದು?" ಎಂದರು ಅಚ್ಚನ್, ಎದ್ದು ಹೋಗುವವರ ಹಾಗೆ ಅರ್ಧ ತಿರುಗಿ.

ಇಲ್ಲ, ನಗಲಿಲ್ಲ ಎಂಬ ಮಾತು ನಾಲಿಗೆ ತುದಿಯವರೆಗೆ ಬಂತು. ಸಾರಳೂ ಇಲ್ಲಿಯೇ ತಪ್ಪಿದ್ದು ಎಂದು ನೆನಪಾಗಿ ಅಮ್ಮಚ್ಚಿಯ ಕಡೆ ನೋಡಿದೆ. ಅವರು ಗಲ್ಲ ಎತ್ತಿ ಸನ್ನೆ ಮಾಡಿದರು.

"ನಕ್ಕೆ, ಅಚ್ಚಾ," ಎಂದೆ. ಬಾಯಿ ತೆರೆಯಿತು! ಮುಚ್ಚುವ ಮೊದಲು ಹೇಳಿಬಿಡಬೇಕೆಂದು ಉಸಿರೆಳೆದು, "ಸಮ್ಮತಾ...!" ಎಂದೆ.

ನಾಲ್ಕು ಜನರೆದುರು ಸ್ವರ ಎತ್ತಿ ನನಗೇನು ಅಭ್ಯಾಸ? ನನಗೆ ಗೊತ್ತಿದ್ದ ದೊಡ್ಡ ಸ್ವರ ಒಂದೇ. ಅದು ಮಂಗ ಓಡಿಸುವ ಸ್ವರ. ಮಾಡಿನ ಹುಲ್ಲಿನಿಂದ ಧೂಳು ಉದುರಿತು. ಹಲಸಿನ ಮರದ ಕಾಗೆಗಳು ಎದ್ದವು. ಆಮೇಲೆ ಕೆಳಗಿನ ತೋಟದಿಂದ ಡಬ್ಬದ ಸದ್ದು. ಅದರಾಚೆಯ ತೋಟದಿಂದ ಇನ್ನೊಂದು ಡಬ್ಬ. ನಾಯಿಗಳು. ಹೊಳೆಯ ಬದಿಯಿಂದ ಯಾರದೋ ಕೂ. ಗುಡ್ಡ ಇಡೀ ಬಡಿಯತೊಡಗಿತು.

ಕೆಳಗಿನ ತೋಟದ ಅಕ್ಕ ಡಬ್ಬ, ಕೋಲು ಹಿಡಿದು ಏದುಸಿರು ಬಿಡುತ್ತಾ ಅರ್ಧಗೋಡೆಯ ಆಚೆ ಬಂದು ನಿಂತರು. "ಎಲ್ಲಿ ಮಾರಾಯ್ರೆ ಮಂಗ? ಎಷ್ಟುಂಟು?"

ಅಮ್ಮಚ್ಚಿ ಕುಳಿತಲ್ಲಿಂದಲೇ ಹೇಳಿದರು: "ಒಂದೇ ಉಂಟು ಅಕ್ಕ. ಬಿಳಿ ಮುಂಡು ಉಟ್ಟದ್ದು. ಹಿಡಿದಾಯ್ತು!"

ಅಷ್ಟೇ. ಗೋಡೆಯ ಆಚೆ ಅಕ್ಕ, ಈಚೆ ನಮ್ಮವರು, ಯಾರಿಗೂ ತಡೆಯಲಾಗಲಿಲ್ಲ. ನಿಮ್ಮ ಅಜ್ಜ ಕಣ್ಣೊರೆಸಿಕೊಂಡು ನಕ್ಕರು. ಅವರ ತಾಯಿ ಸೊಂಟ ಹಿಡಿದುಕೊಂಡು, "ನಮ್ಮಲ್ಲಿ ಕೂಡ ಮಂಗ ತುಂಬ ಉಂಟು, ಇವಳೇ ಆಗ್ಬೇಕು," ಎಂದರು. ಅಚ್ಚನ್ ಬೆನ್ನು ತಿರುಗಿಸಿ ನಿಂತರು. ಹೆಗಲು ಕುಣಿಯುವುದು ಕಾಣುತ್ತಿತ್ತು. ತಿರುಗಿದಾಗ ಮುಖ ಕೆಂಪು. "ಕೇಳಿತು," ಎಂದರು. "ಎಲ್ಲರಿಗೂ ಕೇಳಿತು."

ಈಸ್ಟರ್ ಕಳೆದು ಮದುವೆ ಆಯಿತು. ಅಕ್ಕ ಒಂದು ಬಾಳೆಗೊನೆ ಹೊರಿಸಿಕೊಂಡು ಬಂದು, ಮಂಗಗಳಿಂದ ಉಳಿಸಿದ್ದು ಎಂದು ನನ್ನ ಎದುರೇ ಇಟ್ಟರು.

ಮಕ್ಕಳೇ, ನಂಬಿಕೆಯ ವಿಷಯ ಹೇಳಿಕೊಡಲು ನನಗೆ ಬರುವುದಿಲ್ಲ. ಒಂದು ಮಾತ್ರ ಗೊತ್ತು. ನಗುವವಳಿಗೂ ತೊದಲುವವನಿಗೂ ದೇವರು ಕೊಡಬೇಕಾದ್ದನ್ನು ಕೊಟ್ಟೇ ಕೊಟ್ಟರು. ಬಾಯಿಯೊಂದು ಸತ್ಯಕ್ಕೆ ತೆರೆದರೆ ಸಾಕು. ನಿಮ್ಮ ಅಜ್ಜ ತೀರಿಕೊಂಡ ದಿನವೂ ಹಾಗೆ ಆಯಿತು. ಅಳುತ್ತಿದ್ದವಳಿಗೆ ಆ ಹಣೆಯ ಗುರುತು ನೆನಪಾಗಿ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿ ಕುಳಿತವಳು ನಕ್ಕಿರಾ ಎಂದು ಕೇಳಿದಾಗ, ನಕ್ಕೆ ಎಂದೆ.

ನಿಮ್ಮ ಅಪ್ಪನಿಗೆ ಜ್ಞಾನಸ್ನಾನದಲ್ಲಿ ಹೆಸರು ಕೇಳಿದಾಗ ಅಮ್ಮಚ್ಚಿ ಯಾರನ್ನೂ ಬಾಯಿ ತೆರೆಯಲು ಬಿಡದೆ ಸಾರಳ ಮಗನ, ಆ ನಗುವಿನ ಹೆಸರನ್ನೇ ಹೇಳಿದರು. ಅಚ್ಚನ್ ನೀರು ಹೊಯ್ಯುವ ಮೊದಲು ನನ್ನ ಕಡೆ ನೋಡಿ, "ನೀನು ಮಾತ್ರ ಏನೂ ಹೇಳ್ಬೇಡ ಮಾರಾಯ್ತಿ, ಮಗು ಹೆದರೀತು," ಎಂದರು.