ಮಳ್ಯಾಗ ಹಾಕಿದ ಕೊಪ್ಪಿ

ನಮ್ಮ ಮನ್ಯಾಗ ಯಾರರ ನೀರು ಕೇಳಿದ್ರ ಸಾಕು, ನಾ ಕೈಯಾಗಿನ ಕೆಲಸ ಅಲ್ಲೇ ಬಿಟ್ಟು ಎದ್ದುಬಿಡ್ತೀನಿ. ಹಂಚಿನ ಮ್ಯಾಲೆ ರೊಟ್ಟಿ ಇದ್ದರ ಇರಲಿ, ಕರಕಲಾದರ ಆಗಲಿ, ಮೊದಲ ನೀರು. ಕೇಳಿದವರು ಒಂದು ಗುಟುಕು ನುಂಗೂತನಕ ಮುಂದಿಂದ ಸರಿಯೂದಿಲ್ಲ. ಕರೆಂಟ್ ಮೀಟರ್ ನೋಡಾಕ ಬರೋ ಹುಡುಗ ಸೈತ ನನಗ ಹೆದರಿ ಪೂರಾ ತಂಬಗಿ ಖಾಲಿ ಮಾಡಿ ಹೋಗ್ತಾನ. "ನಮ್ಮವ್ವಗ ನೀರಿನ ಹುಚ್ಚು" ಅಂತ ಮಗಳು ಚಾಷ್ಟಿ ಮಾಡ್ತಾಳ. ಆ ಹುಚ್ಚು ಎಲ್ಲಿಂದ ಹತ್ತಿತು ಅನ್ನೂದನ್ನ ನಾ ಮೂವತ್ತು ವರ್ಷ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಹೋದ ದೀಪಾವಳಿ ಸೂಟಿಯೊಳಗ ಒಂದು ಟಿವಿ ಧಾರಾವಾಹಿ ಬಿಡಿಸಿತು.

ಮಗಳು ಧಾರವಾಡದಾಗ ಕಲೀತಾಳ. ಸೂಟಿಗೆ ಬನಹಟ್ಟಿಗೆ ಬಂದಾಗ ಮಧ್ಯಾಹ್ನ ಉಂಡಮ್ಯಾಲೆ ತಾಯಿ ಮಗಳು ಕೂಡಿ ಟಿವಿ ಹಚ್ಚತೀವಿ. ಓಣಿ ತುಂಬ ಪವರ್‌ಲೂಮಿನ ಸಪ್ಪಳ, ಮಾತು ಅರ್ಧ ಕೇಳ್ತೈತಿ, ಅರ್ಧ ಕೆಳಗ ಬರೋ ಅಕ್ಷರ ಓದಬೇಕು. ಅಕಿ ಹಚ್ಚಿದ್ದು ಗೂಢಚಾರರ ಕಥಿ. ಭಾಳ ಥಂಡಿ ಇರೋ ಒಂದು ದೇಶದಾಗ, ಯಹೂದಿ ಮಂದಿ ಒತ್ತೊತ್ತಾಗಿ ಇರೋ ಒಂದು ಓಣಿ. ಮದ್ದುಗುಂಡು ಸಾಗಿಸೋ ಒಬ್ಬಾತನ್ನ ಹುಡುಕೊಂಡು ಸರಕಾರದ ಒಬ್ಬ ಹುಡುಗಿ ಅಲ್ಲಿ ಹೋಗ್ತಾಳ. "ನಾನೂ ನಿಮ್ಮವಳ" ಅಂತ ಸುಳ್ಳು ಹೇಳಿ, ಒಬ್ಬ ವಯಸ್ಸಾದ ಹೆಣ್ಣುಮಗಳ ಮನಿ ಅಟ್ಟದ ಮ್ಯಾಲೆ ಖೋಲಿ ಹಿಡೀತಾಳ.

ನನ್ನ ಮಗಳು ಸುಮ್ಮನ ನೋಡೂ ಪೈಕಿ ಅಲ್ಲ. ಫೋನ್ ಹಿಡಕೊಂಡು ಯಾವುದು ಖರೆ ಯಾವುದು ಸುಳ್ಳು ತೆಗೀತಾಳ. "ನೋಡಬೇ ಯವ್ವಾ, ಹೊತ್ತು ಮುಳುಗಿದ ಮ್ಯಾಲೆ ಮೇಣಬತ್ತಿ ಹಚ್ಚಿಸ್ಯಾರ. ಶುದ್ಧ ತಪ್ಪು. ಶುಕ್ರವಾರ ಮುಳುಗೂದಕಿಂತ ಮೊದಲ ಹಚ್ಚಬೇಕಂತ, ಆಮ್ಯಾಲೆ ಬೆಂಕಿ ಮುಟ್ಟಂಗಿಲ್ಲಂತ." ಈ ಧಾರಾವಾಹಿ ನೋಡಿದ ಯಹೂದಿ ಮಂದಿ ತಾವ ಸಿಟ್ಟಿಲೆ ಇಂಟರ್‌ನೆಟ್ಟಿನ್ಯಾಗ ಬರದಿದ್ದರಂತ. ಹಾಲಿನ ಭಾಂಡೆ ಬ್ಯಾರೆ, ಮಾಂಸದ ಭಾಂಡೆ ಬ್ಯಾರೆ. ಉಣ್ಣಿ ಮತ್ತ ಅಗಸಿನಾರು ಕೂಡಿಸಿ ನೇಯ್ದ ಅರಿವಿ ಉಡೂದಿಲ್ಲ. ರೇಷ್ಮಿಗೆ ಹತ್ತಿ ಬೆರೆಸಿ ಹೊಟ್ಟಿ ಹೊರಕೊಳ್ಳೂ ಓಣ್ಯಾಗ ಕುಂತು ನಾವು ಇದನ್ನೆಲ್ಲಾ ಕೇಳಾಕತ್ತಿದ್ವಿ.

ಯಹೂದಿ ಮಂದೀನ ನಾ ಕಣ್ಣಿಲೆ ಕಂಡಾಕಿ ಅಲ್ಲ. ಅವರ ಟೊಪಿಗಿ ಸರಿ ಐತೋ, ಬತ್ತಿ ಸರಿ ಐತೋ, ನಾ ಹೇಳೂ ಹಾಂಗಿಲ್ಲ. ಆದರ ಆ ಗೂಢಚಾರ ಹುಡುಗೀನ ನಾ ಬಲ್ಲೆ. ಆ ಮನಿ ಬಾಗಿಲ ಚೌಕಟ್ಟಿಗೆ ಒಂದು ಸಣ್ಣ ಡಬ್ಬಿ ಬಡದಿರತಾರ, ಒಳಗ ಬರೂವಾಗ ಅದನ್ನ ಮುಟ್ಟಿ ಬೆರಳಿಗೆ ಮುದ್ದು ಕೊಡಬೇಕು. ಮುದುಕಿಯ ಮೊಮ್ಮಗಳು ಹಸದು ಓಡಿಬಂದಾಗ ಮರೀತಾಳ, ಬೈಸಿಕೊಳ್ತಾಳ. ಈ ಹುಡುಗಿ ಮಾತ್ರ ಒಮ್ಮೇನೂ ಮರಿಯೂದಿಲ್ಲ.

"ಏನ್ ಪರ್ಫೆಕ್ಟ್ ಮಾಡ್ಯಾಳಬೇ" ಅಂದಳು ಮಗಳು.

"ಅದ ತಪ್ಪು" ಅಂದೆ. "ಮನಿ ಮಗಳು ಮರೀತಾಳ. ಹೊರಗಿಂದ ಬಂದು ಹೊಕ್ಕಾಕಿ ಮರಿಯೂದಿಲ್ಲ. ಆ ಮುದುಕಿಗೆ ಗೊತ್ತಾಗೈತಿ."

"ಗೊತ್ತಾಗಿಲ್ಲ. ನಾ ಮುಂದಿಂದು ನೋಡೀನಿ. ಈಕಿ ಕೆಲಸ ಮುಗಿಸಿ ಕಾರ್ ಹತ್ತಿ ಹೋಗ್ತಾಳ."

"ಆ ಮುದುಕಿ ಏನಾದಳು?"

"ಆಕೀನ ತೋರಸೂದಿಲ್ಲ."

ನನಗ ಎಲ್ಲಿದೋ ಸಿಟ್ಟು ಬಂತು. ಆ ಓಣಿ ಹಿರಿಯರು ಒಂದು ಕಾಲಕ್ಕ ಜೀವ ಉಳಿಸಿಕೊಳ್ಳಾಕ ತಮ್ಮ ಹೆಸರು ಮುಚ್ಚಿಟ್ಟುಕೊಂಡು ಬದುಕಿದವರು ಅಂತ ಮಗಳು ಹೇಳಿದ್ದಳು. ಅಂಥಾ ಮನಿಯೊಳಗ ಸುಳ್ಳು ಹೆಸರು ಹೇಳಿ ಉಂಡಾಕಿ ಹಿಂದ ಕ್ಯಾಮೆರಾ ಓಡ್ತೈತಿ, ಅನ್ನ ಹಾಕಿದಾಕಿ ಏನಾದಳು ಅಂತ ಹೊಳ್ಳಿ ನೋಡೂದಿಲ್ಲ. ಟಿವಿ ಬಂದ ಮಾಡು ಅಂದೆ. ಯಾಕಬೇ ಅಂದಳು. "ನಾನೂ ಈ ಕೆಲಸ ಮಾಡೀನಿ, ಅದಕ್ಕ" ಅಂದೆ. ಮಗಳು ನಕ್ಕಳು. ನಾ ನಗಲಿಲ್ಲ.

ನಮ್ಮದು ಲೋಕಾಪುರದ ಕಡೆ ಹಳ್ಳಿ. ನಾವು ಕುರುಬರು, ಬೀರೇಶ್ವರನ ಒಕ್ಕಲು, ಅಪ್ಪಂದು ಕುರಿ ಹಿಂಡು. ಮಾಸ್ತರಿಕಿ ತರಬೇತಿಗೆ ನನಗ ಜಮಖಂಡಿಯೊಳಗ ಸೀಟು ಸಿಕ್ಕಿತು, ಇರಾಕ ಜಾಗಾ ಸಿಗಲಿಲ್ಲ. ನನ್ನ ಜೋಡಿ ಕಲಿಯೂ ಒಬ್ಬ ಬ್ರಾಹ್ಮಣರ ಹುಡುಗಿ, ನನ್ನ ಜೀವದ ಗೆಳತಿ, ತಮ್ಮ ಪೈಕಿ ಒಂದು ಮನಿ ಹುಡುಕಿದಳು. ಅಲ್ಲಿ ವಯಸ್ಸಾದ ಹೆಣ್ಣುಮಗಳು ಒಬ್ಬರು, ಓಣಿಯವರೆಲ್ಲಾ ಆಜಿ ಅಂತಿದ್ದರು. ಮನಿಯೊಳಗ ಮರಾಠಿ, ಹೊರಗ ಕನ್ನಡ. ಮಗ ಕೋರ್ಟಿನಾಗ ಗುಮಾಸ್ತ, ಸೊಸಿ ಬಾಣಂತನಕ್ಕ ತವರಿಗೆ ಹೋಗಿದ್ದಳು. ಮುಂಜಾನೆ ಸಂಜಿ ಕೈಗೆ ಕಾಲಿಗೆ ಆಗೂ ಹುಡುಗಿ ಬೇಕಿತ್ತು. "ಆದರ ಅವರ ಪೈಕೀನ ಆಗಬೇಕು" ಅಂದಳು ಗೆಳತಿ. ಹಿಂಗಾಗಿ ನಾನು ಬೀಳಗಿ ಕಡೆಯ ಹಣಮಪ್ಪನ ಗುಡಿ ಆಚಾರ್ಯರ ಮಗಳಾದೆ.

ಎಂಟು ದಿನ ಗೆಳತಿ ನನಗ ಪಾಠ ಮಾಡಿದಳು. ಗೋತ್ರ ಕೇಳಿದರ ಏನನ್ನಬೇಕು. ಏಕಾದಶಿ ಯಾವತ್ತು. ಅನ್ನ ಮುಟ್ಟಿದ ಕೈ ಮುಸುರಿ, ಅದನ್ನ ತೊಳಕೊಳ್ಳದೇ ಮೊಸರಿನ ಗಡಿಗಿ ಮುಟ್ಟಬಾರದು. ಕುಡಿಯೂ ನೀರು ಮಡಿ ನೀರು, ಜಳಕ ಮಾಡಿದ ಮ್ಯಾಲೆ ಮಡಿಯೊಳಗ ಭಾಂವಿಯಿಂದ ತರಬೇಕು. 'ಐತಿ' ಅನಬಾರದು, 'ಅದ' ಅನಬೇಕು. ಊರಿಗೆ ಹೋಗಿ ಬರೂವಾಗ ಮುಧೋಳ ಬಸ್‌ಸ್ಟ್ಯಾಂಡಿನೊಳಗ ಬಸ್ಸು ಬದಲಿಸ್ತಿದ್ದೆ, ನಾಲಿಗೀನೂ ಅಲ್ಲೇ ಬದಲಿಸ್ತಿದ್ದೆ. ಕುರಿ ವಾಸನಿ ಬಂದೀತಂತ ಅರಿವಿ ಎರಡೆರಡು ಸಲ ಒಗೀತಿದ್ದೆ.

ಅಲ್ಲಿ ನಾ ಒಂದೂ ತಪ್ಪು ಮಾಡಲಿಲ್ಲ. ಆಜಿಯ ಸ್ವಂತ ಮಗ ಸೈತ ಮುಸುರಿ ಕೈಲೆ ತುಪ್ಪದ ಗಿಂಡಿ ಹಿಡದು ಬೈಸಿಕೊಳ್ತಿದ್ದ. ನಾ ಬೈಸಿಕೊಂಡಾಕಿ ಅಲ್ಲ. "ಈಗಿನ ಹುಡುಗ್ಯಾರೊಳಗ ಇಷ್ಟು ಮಡಿ ಯಾರಿಗೆ ಅದ?" ಅಂತ ಆಜಿ ನನ್ನ ಮುಖ ನೋಡ್ತಿದ್ದರು, ನನ್ನ ತಲಿ ಹಿಕ್ಕತಿದ್ದರು. ನಾ ತಂದ ನೀರು ಕುಡದು "ತಣ್ಣಗಾತು" ಅಂತಿದ್ದರು. ಆ ಮಾತು ಕೇಳಾಕಂತ ನಾ ಇನ್ನೊಂದು ಕೊಡ ತರತಿದ್ದೆ, ತರೂವಾಗ ಸಿಕ್ಕಿಬೀಳ್ತೀನೇನೋ ಅಂತ ಹೆದರತಿದ್ದೆ. ಹೆತ್ತವ್ವನಷ್ಟು ಪ್ರೀತಿ ಮಾಡಿದೆ ಅವರನ್ನ. ಸುಳ್ಳೂ ದಿನಾ ಹೇಳಿದೆ.

ಹಿತ್ತಲ ಬಾಗಿಲ ಗೂಟಕ್ಕ ತೀರಿಹೋದ ಯಜಮಾನರ ಧಾಬಳಿ ಇರತಿತ್ತು, ಮಡಿಗೆ ಇಟ್ಟ ಉಣ್ಣಿ ಹೊದಿಕಿ. ಉಣ್ಣಿಗೆ ಮೈಲಿಗಿ ಇಲ್ಲ ಅಂತ ಅವರ ನಂಬಿಕಿ. ಒಂದು ದಿನ ಮುಂಜಾನೆ ನಾ ಭಾಂವಿ ಕಡೆ ಹೊಂಟಾಗ ಮಳಿ ಹಿಡೀತು. ಧಾಬಳಿ ಎಳಕೊಂಡು ಹೋದೆ. ನೀರು ಸೇದೂದರೊಳಗ ಮಳಿ ಜೋರಾತು. ಆಗ ನನ್ನ ಕೈ ನನ್ನ ಕೇಳಲಿಲ್ಲ. ಧಾಬಳಿಯ ಮೂಲಿ ಒಳಗ ಮಡಚಿ, ನೆತ್ತಿ ಮ್ಯಾಲೆ ಚೂಪ ಮಾಡಿ, ಕೊಪ್ಪಿ ಹಾಕೊಂಡೆ. ಕುರಿ ಹಿಂದ ಹೋಗೋರು ಮಳ್ಯಾಗ ಕಂಬಳಿ ಹೊದಿಯೂದು ಹಂಗ. ನಡೆಯಾಕ ಕಲ್ತಾಗಿಂದ ಹಾಕಿದ ಕೊಪ್ಪಿ ಅದು. ಟೊಂಕದ ಮ್ಯಾಲೆ ಕೊಡ, ತಲಿಮ್ಯಾಲೆ ಕೊಪ್ಪಿ, ಹಂಗ ಒಳಗ ಬಂದೆ.

ಆಜಿ ಅಡಗಿಮನಿ ಬಾಗಿಲದಾಗ ನಿಂತಿದ್ದರು. ಕೊಪ್ಪಿ ನೋಡಿದರು. ಭಾಳ ಹೊತ್ತು ನೋಡಿದರು.

"ಮಳಿ ಜೋರ ಅದ" ಅಂದರು. ಒಳಗ ಹೋದರು.

ಮರುದಿನ ನಾ ಜಳಕ ಮಾಡಿ ಬರೂದರೊಳಗ ಕೊಡ ಅವರ ಟೊಂಕದ ಮ್ಯಾಲಿತ್ತು. "ನಿನ್ನ ಪರೀಕ್ಷಾ ಹತ್ತರ ಬಂತು. ಓದಲಿಕ್ಕೆ ಕೂಡು. ನೀರು ನಾ ತರ್ತೀನಿ." ಅವತ್ತಿಂದ ನನಗ ನೀರು ತಾ ಅಂತ ಹೇಳಲಿಲ್ಲ. ಆದರ ಊಟಕ್ಕ ಮೊದಲಿನಂಗ ಬಡಿಸಿದರು, ತಲಿ ಹಿಕ್ಕಿದರು. ಬಾಜೂಮನಿ ಕಾಕು, ಅವರ ಪೈಕಿ ಹೆಣ್ಣುಮಗಳು, ಬಂದು "ಈ ಹುಡುಗಿ ಖರೆ ಯಾರ ಪೈಕಿ ರೀ?" ಅಂತ ಕೆದಕಿದಾಗ, "ನಮ್ಮಾಕೀನ ಇದ್ದಾಳ, ನಿನಗ್ಯಾಕ" ಅಂದು ಬಾಯಿ ಮುಚ್ಚಿಸಿದರು. ಗೊತ್ತಾಗಿತ್ತೋ ಇಲ್ಲೋ? ಗೊತ್ತಾಗಿ ಹೇಸಿದರೋ, ಗೊತ್ತಾಗಿ ಕಾಯ್ದರೋ? ಓದೂ ಪುಸ್ತಕದ ಮುಂದ ಕುಂತು ನಾ ಬರೇ ಅದನ್ನ ಓದಿದೆ.

ಒಮ್ಮೆ ಅವರಿಕಾಯಿ ಬಿಡಿಸ್ತಾ ಕುಂತಾಗ ಕೇಳಿದರು. "ನಿಮ್ಮ ಊರಾಗ ಮಳಿ ಬಂದ್ರ ಏನು ಹೊದಿತಾರ, ಹುಡುಗಿ?"

ಖರೆ ಹೇಳಲಿ ಅಂತ ನನಗ ಬಾಗಿಲು ತಗದು ನಿಂತಿದ್ದರು, ಪಾಪ. ಈಗ ತಿಳೀತೈತಿ.

"ಛತ್ರಿ ರೀ, ಆಜಿ" ಅಂದೆ.

ಅವರು ತಲಿ ಬಗ್ಗಿಸಿ ಅವರಿಕಾಯಿ ಬಿಡಿಸಿದರು.

ಮುಂದ ಒಂದು ವಾರಕ್ಕ ಭಾಂವಿಕಟ್ಟಿ ಪಾಚಿ ಮ್ಯಾಲೆ ಆಜಿ ಜಾರಿಬಿದ್ದರು. ಕೊಡ ಅವರ ಕೈಯಾಗ ಇತ್ತು, ನನ್ನ ಕೈಯಾಗ ಇರಬೇಕಾದ ಕೊಡ. ಟೊಂಕದ ಎಲುಬು ಮುರೀತು. ಹಾಸಿಗಿ ಹಿಡದರು. ಬಾಜೂಮನಿ ಕಾಕು ಅಡಗಿ ಮಾಡಿ ಇಡಾಕತ್ತಿದರು, ನೀರೂ ಅವರ ತರತಿದ್ದರು. ನಾ ಕಾಲು ಒತ್ತತಿದ್ದೆ, ಸೀರಿ ಒಗೀತಿದ್ದೆ, ಹೇಸಿಗಿ ಬಳೀತಿದ್ದೆ. ನೀರಿನ ಹಂಡೇ ಹತ್ತರ ಮಾತ್ರ ಹೋಗತಿರಲಿಲ್ಲ. ಅವರ ಮಡಿ ನಾ ಕೆಡಿಸಬಾರದು, ಇಷ್ಟು ದಿನ ಕೆಡಿಸಿದ್ದು ಸಾಕು ಅಂತ ನನ್ನ ಮನಸ್ಸಿನ್ಯಾಗ.

ಇಲ್ಲಿಗೆ ಬಂದಾಗ ಮಗಳು ನನ್ನ ಕೈ ಹಿಡದಳು. ಬಿಡಿಸಿಕೊಂಡೆ. ಇನ್ನ ಸ್ವಲ್ಪ ಇತ್ತು, ಕೈ ಹಿಡಿಸಿಕೊಂಡು ಹೇಳೂ ಅಂಥದ್ದಲ್ಲ.

ಒಂದು ಮಧ್ಯಾಹ್ನ ಮನಿಯೊಳಗ ನಾವಿಬ್ಬರ. ಮಗ ಕೋರ್ಟಿಗೆ ಹೋಗಿದ್ದ. ಆಜಿ ಕಣ್ಣು ತಗದರು. ನನ್ನ ಮುಖಾನ ನೋಡಿ, ಸಾವಕಾಶ, "ಹುಡುಗಿ, ನೀರು ಕೊಡು" ಅಂದರು. ಎಷ್ಟೋ ದಿನದ ಮ್ಯಾಲೆ ನನಗ ಕೇಳಿದ ನೀರು. ನಾ ಎದ್ದೆ. ಎರಡು ಹೆಜ್ಜಿ ಹಂಡೇ ಕಡೆ ಇಟ್ಟೆ. ಅಲ್ಲಿಂದ ಹೊಳ್ಳಿ ಹಿತ್ತಲಿಗೆ ಓಡಿ, ಗೋಡಿ ಮ್ಯಾಲಿಂದ ಬಾಜೂಮನಿ ಕಾಕುನ್ನ ಕರದೆ. "ಆಜಿ ನೀರು ಕೇಳ್ಯಾರ ರೀ, ಲಗೂನ ಬರ್ರಿ." ಆಗ ಸುದ್ಧಾ ನಾ ತಪ್ಪು ಮಾಡಬಾರದು ನೋಡ್ರಿ. ಮಡಿ ಪಾಠ ಅಷ್ಟು ಛಲೋ ಕಲಿತಿದ್ದೆ.

ಕಾಕು ಬಂದು ಸೆರಗು ಸರಿಮಾಡಿಕೊಂಡು, ತಂಬಗಿ ತುಂಬಿ, ಆಜಿಯ ತುಟಿಗೆ ಹಚ್ಚಿದರು. ಆಜಿ ಬಾಯಿ ತಗೀಲಿಲ್ಲ. ನೀರು ಗದ್ದದ ಮ್ಯಾಲೆ ಇಳದು ದಿಂಬಿಗೆ ಹೋತು. ಅವರು ಕಾಕುನ ಭುಜದ ಮ್ಯಾಲಿಂದ ಬಾಗಿಲದಾಗ ನಿಂತ ನನ್ನ ನೋಡಿದರು.

"ನಾ ನಿನಗ ಕೇಳಿದ್ದೆ" ಅಂದರು.

ಆಮ್ಯಾಲೆ ಹದಿನೈದು ದಿನ ಬದುಕಿದ್ದರು. ನನಗ ಇನ್ನೊಮ್ಮೆ ನೀರು ಕೇಳಲಿಲ್ಲ.