ಅವ್ವನ ಕೈಗೆ ಮಂಗರವಳ್ಳಿ ವಾಪಸ್ ಬಂದಿದ್ದು

ನಮ್ಮವ್ವನ ಸೊಂಟಕ್ಕೆ ಹಾಕಿರೋ ಸ್ಟೀಲಿನ ಕೀಲು ಗಟ್ಟಿಯಾಗೇ ಐತೆ, ಅದರ ಸುತ್ತ ಇರೋ ಮೂಳೆನೇ ಕರಗ್ತಾ ಐತೆ ಅಂತ ಡಾಕ್ಟ್ರು ಅಂದಾಗ ನಂಗೆ ಬಂದಿದ್ದು ಅಳು ಅಲ್ಲ, ಸಿಟ್ಟು. ನಮ್ಮೂರ ದೇವ್ರು ಬಸರಿಮರದಮ್ಮನ ಭಕ್ತರೇ, ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅದಕ್ಕೇ ಕೆ.ಆರ್.ಪೇಟೆ ಟೈಪಿಂಗ್ ಕ್ಲಾಸಲ್ಲಿ ಕೂತು ಬಾಯಿಗೆ ಬಂದಂಗೇ ಹೊಡೀತಾ ಇವ್ನಿ. ಭಾಷೆ ನೋಡ್ಬ್ಯಾಡಿ, ಅಮ್ಮ ಮಾಡಿದ್ದ ನೋಡಿ.

ಅವ್ವಂಗೆ ಕೀಲು ಬದಲಾಯಿಸಿದ್ದು ತೊಂಬತ್ಮೂರನೇ ಇಸವೀಲಿ, ಮೈಸೂರಲ್ಲಿ. ನಾಲ್ಕು ವರ್ಷ ಚೆನ್ನಾಗಿ ಓಡಾಡಿದ್ಲು. ಹಸ ಕರೆಯೋದು, ಡೈರಿಗೆ ಹಾಲು ಹಾಕೋದು, ಎಲ್ಲಾ ಅವಳೇ. ತೊಂಬತ್ತೇಳರ ಬ್ಯಾಸಗೇಲಿ ತೊಡೆಸಂದಿ ನೋವು ಅಂದ್ಲು. ಬಿಂಡಿಗನವಿಲೆಯಿಂದ ನಾಗಮಂಗಲ, ಅಲ್ಲಿಂದ ಪಾಂಡವಪುರ, ಶ್ರೀರಂಗಪಟ್ಣ ದಾಟಿ ಮೈಸೂರು. ಸೀಟು ಸಿಕ್ಕಿದ್ರೂ ಕೂರಕ್ಕಾಗ್ದೆ ಅವ್ವ ಕಂಬ ಇಡ್ಕೊಂಡು ನಿಂತಿದ್ಲು. ಸೀಟು ಖಾಲಿ ಐತೆ ಕೂರಮ್ಮೋ ಅಂತ ಕಂಡಕ್ಟ್ರು ಊರೂರಿಗೂ ಕಿರುಚ್ತಾನೇ ಇದ್ದ. ಅವನ ಕತ್ತಿನಪಟ್ಟಿ ಇಡೀಬೇಕು ಅನ್ನಿಸ್ತು.

ಡಾಕ್ಟ್ರು ಎಕ್ಸ್‌ರೇನ ಲೈಟಿಗೆ ಇಟ್ಟು ತೋರಿಸಿದ್ರು. ಕೀಲಿನ ಪಕ್ಕ ಕಪ್ಪಗೆ ಒಂದು ಗೆರೆ. ಕೀಲಿನ ಬಟ್ಲು ಪ್ಲಾಸ್ಟಿಕ್ಕು, ಅದು ಸವೆದು ಧೂಳು ಬೀಳ್ತದೆ, ಆ ಧೂಳ ಓಡಿಸಕ್ಕೋಗಿ ಮೈ ತನ್ನ ಮೂಳೆನೇ ತಿಂದಾಕ್ತದೆ ಅಂದ್ರು. ಆರು ತಿಂಗ್ಳು ನೋಡಣ, ಗೆರೆ ದಪ್ಪಾದ್ರೆ ಇನ್ನೊಂದು ಆಪರೇಸನ್ನು, ಇವರಿಗೆ ಸಕ್ಕರೆ ಕಾಯಿಲೆ ಬೇರೆ, ತಡ್ಕೊಳ್ಳೋದು ಕಷ್ಟ ಅಂದ್ರು. ಕರಗೋದ ನಿಲ್ಲಿಸೋ ಔಷಧಿ ಇಲ್ವಾ ಸಾರ್ ಅಂದೆ. ಇಲ್ಲ ಅಂದ್ರು, ಅಷ್ಟೇ. ಇಷ್ಟುದ್ದ ಕೀಲು ಮಾಡಕ್ಕೆ ಬರ್ತದೆ, ಒಂದು ಗುಳಿಗೆ ಮಾಡಕ್ಕೆ ಬರಲ್ವಾ?

ನಾನು ಪಿಯುಸಿ ಫೇಲು. ಆದ್ರೆ ಸಿಕ್ಕಿದ್ದೆಲ್ಲಾ ಓದ್ತೀನಿ. ಕೆ.ಆರ್.ಪೇಟೆ ಲೈಬ್ರರೀಲಿ ಡಿಕ್ಸನರಿ ಪಕ್ಕಕ್ಕಿಟ್ಕೊಂಡು ವಿಜ್ಞಾನದ ಪತ್ರಿಕೆಗಳ್ನೆಲ್ಲಾ ತಿರುವಾಕ್ದೆ. ಗಿಡಗಳಿಂದ ತೆಗೆದ ಸತ್ವ ಕೊಟ್ರೆ ಮೂಳೆ ತಿನ್ನೋ ಜೀವಕೋಶ ಸುಮ್ಮನಾಗ್ತದಾ ಅಂತ ಇಲಿಗಳ ಮೇಲೆ ನೋಡ್ತಾವ್ರೆ ಅಂತ ಒಂದ್ಕಡೆ ಇತ್ತು. ಖುಸಿಗೆ ಎಗರಾಡ್ಬುಟ್ಟೆ. ಮೂಳೆ ಅಂದ್ರೆ ನಮ್ಮ ಕಡೆ ಮಂಗರವಳ್ಳಿ ತಾನೆ? ಬೇಲಿ ಮೇಲೆ ಗಿಣ್ಣುಗಿಣ್ಣಾಗಿ ಹಬ್ಬಿರ್ತದಲ್ಲ, ಕೈಕಾಲು ಮುರಿದೋರ್ಗೆ ಅರೆದು ಕಟ್ತಾರಲ್ಲ, ಅದೇ. ಮತ್ತೆ ಮೈಸೂರಿಗೆ ಹೋಗಿ ಡಾಕ್ಟ್ರ ಕೇಳ್ದೆ. ಊಟದಲ್ಲಿ ತಿಂದ್ರೆ ತಿನ್ನಲಿ, ಔಷಧಿ ಅಂತ ಮಾತ್ರ ಅನ್ಬೇಡ ಅಂತ ನಕ್ರು. ಆ ನಗು ಕಂಡು ಮೈ ಉರೀತು. ಊರಿಗೆ ಬಂದೋನೇ ಎಳೇ ಬಳ್ಳಿ ಕಿತ್ತು, ನಾರು ತೆಗೆದು, ಎಣ್ಣೇಲಿ ಹುರಿದು, ಎಳ್ಳು, ಗಂಟ್ಲು ಕೆರೀಬಾರ್ದು ಅಂತ ಜಾಸ್ತಿ ಹುಣಸೆಹಣ್ಣು ಹಾಕಿ ನಾನೇ ಚಟ್ನಿ ಅರೆದೆ. ಮುದ್ದೆ ಜೊತೆ ಇಟ್ಟೆ.

ಅವ್ವ ತಟ್ಟೆ ತಳ್ಳಿದ್ಲು.

"ಎತ್ಲಾ ಅದ್ನ. ನಾ ಅಮ್ಮಂಗೆ ಬುಟ್ಟಿವ್ನಿ."

ಆಪರೇಸನ್ ಆದಾಗ ಮತ್ತೆ ನಡೆಯೋ ಅಂಗಾದ್ರೆ ಸಾಯೋಗಂಟ ಮಂಗರವಳ್ಳಿ ಚಟ್ನಿ ಮುಟ್ಟಲ್ಲ ಅಂತ ಹರಕೆ ಮಾಡ್ಕೊಂಡಿದ್ಲಂತೆ. ನಂಗೇ ಗೊತ್ತಿರ್ಲಿಲ್ಲ. ಜನ ಹರಕೆಗೆ ಅಂತ ಹಾಗಲಕಾಯಿ ಬುಡ್ತಾರೆ, ಯಾರಿಗೂ ನಷ್ಟ ಇಲ್ಲ. ನಮ್ಮವ್ವ ನಿಯತ್ತಿನ ಹೆಂಗ್ಸು.

"ಅದು ನಿಂಗೆ ಪ್ರಾಣ ಅಲ್ವಾ ಅವ್ವ?"

"ಪ್ರಾಣ ಅಂತ್ಲೇ ಬುಟ್ಟಿದ್ದು ಕಣ್ಲಾ. ಬ್ಯಾಡದ್ದ ಬುಟ್ರೆ ಅಮ್ಮಂಗೆ ಏನು ಕೊಟ್ಟಂಗಾಯ್ತು?"

ಮೂಳೆ ಕರಗ್ತಾ ಐತೆ ಅಂದೆ. ಕರಗ್ಲಿ ಬುಡು, ಕೊಟ್ಟ ಮಾತ ತಿನ್ನು ಅಂತೀಯಾ ಅಂದ್ಲು. ಸೋದರತ್ತೆ ಬಂದು ಹೇಳಿದ್ರೂ ಕೇಳ್ಲಿಲ್ಲ. ದಿನಾ ಜಗಳ. ಅಷ್ಟರಲ್ಲಿ ಅವ್ವಂಗೆ ಕೋಲಿಲ್ದೆ ಕೊಟ್ಟಿಗೆಗೂ ಹೋಗಕ್ಕಾಗ್ದಂಗಾಯ್ತು.

ಒಂದು ಸೋಮವಾರ ಮಧ್ಯಾಹ್ನ ಗುಡಿಗೆ ಹೋದೆ. ಯಾರೂ ಇರ್ಲಿಲ್ಲ. ಕೈಯೂ ಮುಗೀಲಿಲ್ಲ, ಬಾಗ್ಲಲ್ಲೇ ನಿಂತು ಬೈದೆ. "ನಿಂಗೆ ಸೀರೆ ಕೊಡ್ತೀವಿ, ಹೂವ ಕೊಡ್ತೀವಿ, ಸಾಲ್ದಾ? ನಮ್ಮವ್ವನ ಚಟ್ನಿ ಕಿತ್ಕೊಂಡು ಏನು ಮಾಡ್ತೀಯಾ? ನಾ ಕೊಟ್ರೆ ಅವಳು ಮುಟ್ಟಲ್ಲ. ತಕೊಂಡೋಳು ನೀನು, ನೀನೇ ಅವಳ ಕೈಗಿಡು." ಇದ್ನ ಯಾರಿಗೂ ಹೇಳ್ಲಿಲ್ಲ. ಅಳ್ತಾ ಮನೆಗೆ ಬಂದೆ.

ನಮ್ಮೂರಲ್ಲಿ ಮಂಗಳವಾರದ ಎಡೆ ಸರದಿ ಮೇಲೆ ಒಂದೊಂದು ಮನೆಯೋರ್ದು. ಮನೇಲಿ ಏನು ಬೇಯಿಸಿರ್ತಾರೋ ಅದೇ ಅಮ್ಮಂಗೆ, ಅದೇ ಆಮೇಲೆ ಎಲ್ಲರಿಗೂ ಪ್ರಸಾದ. ಮಾರನೇ ದಿನ ಸರದಿ ಮೇಗಲಬೀದಿ ನಿಂಗಮ್ಮಂದು. ಪಾಯಸ ಮಾಡ್ಬೇಕು ಅಂತಿದ್ಲಂತೆ. ಆದ್ರೆ ಅವರೆಜಮಾನ್ರು ತೆಂಗಿನಮರದಿಂದ ಬಿದ್ದು ಕೈ ಮುರ್ಕೊಂಡಿದ್ರು. ಅವರಿಗೆ ಮಾಡಿದ್ದನ್ನೇ ತಂದ್ಬುಟ್ಟೆ ಕಣ್ರಪ್ಪ ಅಂತ ಹಿಡಿಯಾಗಿ ನಿಂತಿದ್ಲು. ಅನ್ನ, ಮೇಲೆ ಹಸ್ರು ಚಟ್ನಿ.

ಪೂಜಾರಪ್ಪ ಕಲಸಿ ಒಬ್ಬೊಬ್ಬರ ಕೈಗೂ ಒಂದೊಂದು ತುತ್ತು ಇಡ್ತಾ ಬಂದ. ಕೋಲೂರಿ ನಿಂತಿದ್ದ ಅವ್ವಂಗೆ ವಾಸ್ನೇಲೇ ಮಂಗರವಳ್ಳಿ ಅಂತ ಗೊತ್ತಾಯ್ತು. ತಿನ್ನಂಗಿಲ್ಲ, ಹರಕೆ. ಕೆಳಗಿಡಂಗಿಲ್ಲ, ಪ್ರಸಾದ. ತುತ್ತ ಅಂಗೇ ಇಡ್ಕೊಂಡು ನನ್ನ ಕಡೆ ತಿರುಗಿದ್ಲು.

"ನೀನೇ ಏಳ್ಕೊಟ್ಟಿದ್ದೇನ್ಲಾ ನಿಂಗಿಗೆ?"

"ಅಮ್ಮನಾಣೆ ಇಲ್ಲ ಕಣವ್ವ."

ಅವ್ವ ಹರಕೆ ವಿಷಯ ಪೂಜಾರಪ್ಪಂಗೆ ಹೇಳಿದ್ಲು. ಮುದುಕ ತಿರುಗಿ ಅಮ್ಮನ ಕಡೆ ನೋಡ್ದ. ಆಮೇಲೆ, "ನಾನೇನು ಕೊಟ್ನವ್ವ? ನಿಂಗಮ್ಮ ಅಮ್ಮನ ಎಲೆಗಿಟ್ಲು, ಅಮ್ಮ ನಿನ್ನ ಕೈಗಿಟ್ಲು. ನೀ ಕೊಟ್ಟಿದ್ದ ಅವಳೇ ತಿರುಗಿ ಕೊಟ್ರೆ ಬ್ಯಾಡ ಅನ್ನಕ್ಕೆ ನೀನ್ಯಾರು?" ಅಂದ.

ಅವ್ವ ತಿಂದ್ಲು. ಕಣ್ಣಲ್ಲಿ ನೀರು ಸುರೀತಾ ಇತ್ತು. ಉಪ್ಪು ಕಮ್ಮಿ ಆಗೈತೆ ಕಣೇ ನಿಂಗಿ ಅಂದ್ಲು.

ಆವತ್ತಿಂದ ಅವ್ವ ಮನೇಲೂ ಆ ಚಟ್ನಿ ತಿಂತಾ ಬಂದ್ಲು. ಆರು ತಿಂಗಳಿಗೆ ಮತ್ತೆ ಮೈಸೂರು. ಡಾಕ್ಟ್ರು ಎರಡೂ ಎಕ್ಸ್‌ರೇ ಪಕ್ಕಪಕ್ಕ ಇಟ್ರು. ಗೆರೆ ಇದ್ದಂಗೇ ಐತೆ, ಬೆಳೆದಿಲ್ಲ, ಈಗ ಆಪರೇಸನ್ ಬ್ಯಾಡ ಅಂದ್ರು. ಚಟ್ನಿಯಿಂದ್ಲಾ ಸಾರ್ ಅಂದೆ. ಕೋಲು ಹಿಡಿದು ಭಾರ ಕಮ್ಮಿ ಮಾಡಿದ್ದಕ್ಕೂ ಇರ್ಬೋದಪ್ಪ, ಒಬ್ಬರ್ನ ನೋಡಿ ಹೇಳಕ್ಕಾಗಲ್ಲ ಅಂದ್ರು. ಇರ್ಬೋದು. ಬಳ್ಳಿನೋ ಕೋಲೋ ನಂಗೂ ಗೊತ್ತಿಲ್ಲ. ಬಸ್‌ಸ್ಟ್ಯಾಂಡಲ್ಲಿ ಮೂಳೆ ಪುಡಿ ಅಂತ ಮಾರೋ ಕಳ್ಳರ ಮಾತು ಕೇಳಿ ಎಕ್ಸ್‌ರೇ ತಪ್ಪಿಸ್ಬ್ಯಾಡಿ. ನಾವೂ ತಪ್ಪಿಸಲ್ಲ.

ಆದ್ರೆ ನಾನು ಅಮ್ಮನ ಕೇಳಿದ್ದು ಮೂಳೆ ಅಲ್ಲ. ಅವ್ವನ ಕೈಗೆ ನೀನೇ ಇಡು ಅಂದೆ, ಮಾರನೇ ದಿನವೇ ಇಟ್ಲು. ಇದ್ನ ಯಾವ ಡಾಕ್ಟ್ರೂ ಇಲ್ಲ ಅನ್ನಂಗಿಲ್ಲ. ತಾಯಿ, ನಿಂಗೆ ಅಡ್ಡಬಿದ್ದೆ. ನೀವೂ ಮೈಗೆ ಬೇಕಾದ್ದ ಹರಕೆಗೆ ಬುಟ್ಟಿದ್ರೆ ಹೋಗಿ ಕೇಳಿ, ಬೈದಾದ್ರೂ ಕೇಳಿ, ಅವಳು ಇಟ್ಕೊಳ್ಳೋಳಲ್ಲ. ಮತ್ತೆ ನಾಲ್ಕು ವರ್ಷ ಯಾಕೆ ಇಟ್ಕೊಂಡಿದ್ಲು ಅಂತೀರಾ? ಅದ್ನ ಕೇಳಕ್ಕೇ ನಾನು ಈಗ ಪ್ರತಿ ಮಂಗಳವಾರ ಹೋಗ್ತೀನಿ. ಇಷ್ಟು ದಿನ ಯಾರೂ ಬಂದು ಕೇಳ್ಲಿಲ್ವಲ್ಲಾ ಅಂತ ಅವಳು ನನ್ನೇ ನೋಡ್ತಾಳೆ.